ಹೆಬ್ಬೆರಳು ಎಷ್ಟು ಗ್ರಾಂ

ಶಾರ್ಜಾದ ರೋಲಾ, ಮೂರನೇ ಮಹಡಿ, ಆರು ಜನರ ಕೋಣೆ.
ಕೆಳಗಿನ ಮಂಚ ನನ್ನದು, ಮೇಲಿನದು ಬಜ್ಪೆಯ ಶರ್ಫುವಿನದು.
ಅವನ ಹಿಂದೆ ನಲವತ್ತೊಂದು ಸಾವಿರ ಜನ.
ರಾತ್ರಿ ಅವನು ಮಗ್ಗುಲು ಬದಲಿಸಿದಾಗ
ಪ್ಲೈವುಡ್ಡು ನನ್ನ ಮೂಗಿನತ್ತ ಬಗ್ಗುವುದು
ಅರವತ್ತೆರಡು ಕಿಲೋದಷ್ಟೇ.
ಉಳಿದವರು ಎಲ್ಲಿ ಮಲಗುತ್ತಾರೋ.

ನನ್ನ ಕೆಲಸ ತಕ್ಕಡಿ ಪರೀಕ್ಷೆ.
ಮೀನು ಮಾರ್ಕೆಟ್ಟು, ಚಿನ್ನದಂಗಡಿ, ಖರ್ಜೂರದ ಗೋದಾಮು.
ನೀಲಿ ಮಖಮಲ್ಲಿನ ಪೆಟ್ಟಿಗೆಯಲ್ಲಿ ತೂಕದ ಬಟ್ಟುಗಳು,
ಮಿಲಿಗ್ರಾಮಿನಿಂದ ಎರಡು ಕಿಲೋವರೆಗೆ.
ಬರಿಗೈಯಲ್ಲಿ ಮುಟ್ಟುವಂತಿಲ್ಲ,
ಬೆರಳಿನ ಜಿಡ್ಡಿಗೂ ತೂಕವಿದೆ.
ಹದಿನಾಲ್ಕು ವರ್ಷದಲ್ಲಿ ನಾನು ಕಲಿತ ತತ್ವ ಇದೊಂದೇ,
ಅದೂ ಕಂಪನಿ ಕೈಪಿಡಿಯ ನಾಲ್ಕನೇ ಪುಟದ್ದು.

ಶರ್ಫು ಹಗಲು ಟಯರ್ ಅಂಗಡಿಯ ಲೆಕ್ಕ ಬರೆಯುತ್ತಾನೆ.
ಸಂಜೆ ಕೆಫೆಟೇರಿಯಗಳ ಮುಂದೆ ನಿಂತು
ಪರೋಟ ಹರಿದು, ಕರಕ್ ಚಹಾ ಹೀರಿ,
ಕಣ್ಣು ಮುಚ್ಚಿ, ತಲೆಯಾಡಿಸಿ, ಫೋನಿಗೆ ಹೇಳುತ್ತಾನೆ.
ಕಣ್ಣು ಮುಚ್ಚುವ ಆ ಗಳಿಗೆಗೇ ಜನ ಕಾಯುವುದಂತೆ.

ಯಾವುದೋ ಏಜೆನ್ಸಿ ಅವನನ್ನು ಕರೆಸಿ
ಗಾಜಿನ ಕೋಣೆಯಲ್ಲಿ ಕೂರಿಸಿ ಹಾಳೆಯೊಂದು ಕೊಟ್ಟಿತು.
ಪ್ರಭಾವ: ನೂರಕ್ಕೆ ಮೂವತ್ತೇಳು.
ಹನ್ನೊಂದು ಸಾವಿರ ಮಂದಿ ಮನುಷ್ಯರೇ ಅಲ್ಲವಂತೆ.
"ಅಣ್ಣಾ, ನೀವು ತೂಕದವರಲ್ವಾ, ಇದು ಸರಿಯಾ?"
ಹಾಳೆ ತಿರುಗಿಸಿ ನೋಡಿದೆ. ಮೊಹರಿಲ್ಲ.
ಯಾವ ಬಟ್ಟಿನೊಡನೆ ಸರಿದೂಗಿಸಿದ್ದೆಂದು ಬರೆದಿಲ್ಲ.
ನನ್ನ ಎರಡು ಕಿಲೋಗೆ ಮೇಲೊಂದು ಎರಡು ಕಿಲೋ ಇದೆ,
ಅದಕ್ಕೂ ಮೇಲೊಂದು, ಬೀಗ ಹಾಕಿದ ಕೋಣೆಯಲ್ಲಿ.
ಹೊನ್ನಾವರದಲ್ಲಿ ನನ್ನಜ್ಜ ಗುಲಗಂಜಿಯಿಂದ ಚಿನ್ನ ತೂಗುತ್ತಿದ್ದ.
ಗುಲಗಂಜಿ ಒಂದರಂತೆ ಒಂದಿಲ್ಲ,
ಅದು ಅಜ್ಜನಿಗೆ ಗೊತ್ತಿತ್ತು, ಗಿರಾಕಿಗೂ ಗೊತ್ತಿತ್ತು.
ಇದನ್ನು ತೂಗಿದವರು ಯಾರು, ಕೇಳಿದೆ.
"ಒಂದು ಹುಡುಗಿ. ತುಂಬ ಒಳ್ಳೆ ಇಂಗ್ಲಿಷು."

ತಮಾಷೆಗೆಂದು ಅವನ ಫೋನನ್ನು ನನ್ನ ಸಣ್ಣ ತಕ್ಕಡಿಯ ಮೇಲಿಟ್ಟೆ.
ನೂರ ತೊಂಬತ್ತನಾಲ್ಕು ಗ್ರಾಂ.
ವಿಡಿಯೊ ಹಾಕು, ಅಂದೆ. ಬಗ್ಗಿ, ಒತ್ತಿ, ಕೈ ತೆಗೆದ.
ಇನ್ನೂರು, ಒಂಬೈನೂರು,
ಮಲಗುವ ಹೊತ್ತಿಗೆ ಮೂರು ಸಾವಿರ ಹೆಬ್ಬೆರಳು.
ನೂರ ತೊಂಬತ್ತನಾಲ್ಕೇ.
ಕೋಣೆಯವರೆಲ್ಲ ನಕ್ಕರು. ಶರ್ಫು ತುಸು ತಡವಾಗಿ ನಕ್ಕ.

ಆ ವಿಡಿಯೊದಲ್ಲಿ ಅವನು ಹೆಚ್ಚೇನೂ ಹೇಳಿರಲಿಲ್ಲ.
ಮಸೀದಿ ಪಕ್ಕದ ಕೆಫೆಟೇರಿಯ, ಚಹಾ ಸ್ವಲ್ಪ ನೀರು ಅಂದಿದ್ದ.
ಕಣ್ಣು ಮುಚ್ಚಿರಲಿಲ್ಲ.
ಒಂಬತ್ತನೇ ದಿನ ಅಲ್ಲಿ
ಮೊಳದೆತ್ತರದಿಂದ ಚಹಾ ಹೊಯ್ಯುತ್ತಿದ್ದ ಕುಂಞಾಮು ಇರಲಿಲ್ಲ.
ಹಾಲು ಕಮ್ಮಿ ಹಾಕೆಂದದ್ದು ಧಣಿ,
ಹೋದದ್ದು ಮುದುಕ.
ಹೊಸ ಹುಡುಗ ಹೊಯ್ಯುತ್ತಿದ್ದ, ಕೈಮೇಲೆ ಚೆಲ್ಲಿಕೊಂಡು.
ಅದೇ ವಾರ ಹೊಸ ಹಾಳೆ ಬಂತು: ಐವತ್ತೆರಡು.

ಆ ರಾತ್ರಿ ಮೇಲಿನ ಮಂಚ ಕಿರುಗುಟ್ಟಿತು.
ಎಣಿಸುವುದು ನನ್ನ ಚಟ,
ಸುಬಹಿಯ ಬಾಂಗಿನವರೆಗೆ ನಲವತ್ಮೂರು ಮಗ್ಗುಲು.
ಪ್ಲೈವುಡ್ಡು ಎಂದಿಗಿಂತ ಕೆಳಗಿಳಿದಂತೆ ಕಂಡಿತು.
ಕಂಡಿತಷ್ಟೇ, ಅಳೆಯಲಿಲ್ಲ.

ಇವತ್ತು ಶರ್ಫು ರಜೆ ಹಾಕಿ
ಮುದುಕನ ರೂಮು ಹುಡುಕಿಕೊಂಡು ಹೋಗಿದ್ದಾನೆ.
ಫೋನು ನನ್ನ ದಿಂಬಿನ ಮೇಲೆ ಬಿಟ್ಟು.
ಅದು ತನ್ನಷ್ಟಕ್ಕೆ ನಡುಗುತ್ತಿತ್ತು.

ನಾನು ಮೀನು ಮಾರ್ಕೆಟ್ಟಿಗೆ ಬಂದೆ.
ನನಗೆ ಖಾತೆಯಿಲ್ಲ, ಹಿಂದೆ ಯಾರೂ ಇಲ್ಲ.
ಆದರೂ ಬಾಗಿಲಲ್ಲಿ ನೀಲಿ ಪೆಟ್ಟಿಗೆ ಕಂಡೊಡನೆ
ಅಂಜಲ್, ಶೇರಿ, ಹಮೂರ್‌ಗಳ ಸಾಲುಸಾಲಿನುದ್ದಕ್ಕೂ
ತಟ್ಟೆಯಂಚಿನಿಂದ ಹೆಬ್ಬೆರಳುಗಳು ಮೇಲೇಳುತ್ತವೆ.
ಮೊದಲ ಸಲ ಎಣಿಸಿದೆ: ಹದಿನೇಳು.
ಒಂದೊಂದೂ ಸುಮಾರು ನಲವತ್ತು ಗ್ರಾಂ,
ಒತ್ತುವವನ ಸಾಲ ನೋಡಿಕೊಂಡು ಹೆಚ್ಚು ಕಮ್ಮಿ.

ಹೊರಡುವಾಗ ತಿರುಗಿ ನೋಡುವುದಿಲ್ಲ.
ನೋಡಬಾರದೆಂದು ಕೈಪಿಡಿಯಲ್ಲೇನೂ ಇಲ್ಲ.