ಏಳು ಕೇಜಿ

ಕೂತ್ಕೊ ಇಂದ್ರಾಣಿ. ಮೊದ್ಲು ಆ ಚೀಲ ಇಲ್ಲಿಡು,
ಬೆಲ್ಲದ ತಕ್ಕಡಿ ಮೇಲೆ.
ನಾಚ್ಕೋಬ್ಯಾಡ, ಸಾವ್ಕಾರ್ರು ಊಟಕ್ಕೋಗವ್ರೆ,
ಮಂಡಿಗೆ ಬರೋದು ಮೂರಕ್ಕೆ.
ನೋಡು, ಒಂಬತ್ತು ಕೇಜಿ ಇನ್ನೂರು.
ಅಗ್ಗದ ಫ್ಲೈಟಿಗೆ ಏಳೇ ಕನಮ್ಮಿ.
ಮಿಕ್ಕಿದ್ದಕ್ಕೆ ಅವ್ರು ಕೇಳೋ ದುಡ್ಡಲ್ಲಿ
ಎರಡು ಗ್ಯಾಸಂಡೆ ಬತ್ತವೆ.

ತೆಗಿ ಆ ಚಟ್ನಿಪುಡಿ ಡಬ್ಬ.
ಸ್ಟೀಲಿನ ತೂಕ ಯಾಕೆ ಹೊತ್ಕೊಂಡೋಯ್ತೀಯ,
ಪುಡೀನ ಕವರಿಗೆ ಸುರಿ, ಎರಡು ಗಂಟಾಕು.
ಉಪ್ಪಿನಕಾಯಿ ಕೈಚೀಲಕ್ಕೆ ಬ್ಯಾಡ,
ಎಣ್ಣೆ ಇದ್ರೆ ಅದೂ ನೀರೇ, ಅವರ ಲೆಕ್ಕದಲ್ಲಿ.
ಹೋದ್ಸಲ ಕೆಂಪಾಜಮ್ಮನ ಹೇರಳೆಕಾಯಿ ಜಾಡಿ
ಯೂನಿಫಾರಂ ಹುಡುಗಿ ಕಸದ ಬುಟ್ಟಿಗೆ ಹಿಡಿದಾಗ
'ಬಿಸಾಕ್ಬ್ಯಾಡ ಕಣವ್ವ, ನೀನೇ ತಿನ್ನು' ಅಂದ್ಲು ನಮ್ಮವ್ಳು.
ಅವಳೂ ತಿನ್ನಂಗಿಲ್ವಂತೆ.

ಟಿಕೆಟ್ ತೋರ್ಸು.
ಶನಿವಾರ, ಎರಡು ಗಂಟೆ ನಲವತ್ತು ನಿಮಿಷ.
ಅಂದ್ರೆ ನೀನು ಮನೆ ಬಿಡೋದು ಶುಕ್ರವಾರ.
ನಮ್ಮಲ್ಲಿ ದಿನ ಹುಟ್ಟೋದು ಕೋಳಿ ಕೂಗಿದ್ಮೇಲೆ,
ಅವ್ರಿಗೆ ನಡುರಾತ್ರೀಲೇ ಹುಟ್ಬುಡ್ತದೆ.
ಇಷ್ಟು ಗೊತ್ತಾಗ್ದೆ ಗುತ್ತಲಿನ ಒಂದು ಸಂಸಾರ
ಸೂಟ್‌ಕೇಸ್ ಸಮೇತ ವಾಪಸ್ ಬಂತು,
ಮಕ್ಕಳ ಕತ್ತಲ್ಲಿ ಹೊಸಾ ಕನ್ನಡಕ ನೇತಾಡ್ತಾನೇ ಇದ್ವು.
ಮೈಸೂರಿಂದ ಬರೋ ಏರ್‌ಪೋರ್ಟ್ ಬಸ್ಸು
ಊರೊಳಕ್ಕೆ ಬತ್ತದೋ, ಬೈಪಾಸಲ್ಲೇ ಹೋಯ್ತದೋ,
ಅದನ್ನೂ ಫೋನ್ ಮಾಡಿ ಕೇಳ್ಕೊ.

ಹೆಸ್ರು? ಪಾಸ್‌ಪೋರ್ಟಲ್ಲಿ ಇರೋದೇ ಹೆಸ್ರು.
ಲಗ್ನಪತ್ರಿಕೇಲಿ ಹಾಕ್ಸಿದ್ದಲ್ಲ, ಅತ್ತೆ ಕೂಗೋದಲ್ಲ.
ಇನಿಶಿಯಲ್ ಬಿಚ್ಚಿ ಬರ್ದವ್ರೆ ನೋಡು:
ಬಸರಾಳು ಹೊಂಬಯ್ಯ ಇಂದ್ರಾಣಿ.
ಒಂದಕ್ಷರ ಬಿಡದೆ ಹಂಗೇ ತುಂಬು.
ಮದ್ದೂರು ದಾಟಿ ಬೆಂಗಳೂರು ನೋಡ್ದೋನಲ್ಲ ನಿಮ್ಮಪ್ಪ,
ಹೋದ ಇಪ್ಪತ್ತು ವರ್ಷಕ್ಕೆ
ಹನೋಯ್ ಕೌಂಟರಲ್ಲಿ ಯಾರೋ ಕೂಗ್ತಾರೆ ಅವನ್ನ,
ತಪ್ಪುತಪ್ಪಾಗಿ. ನೀನು ಕೈಯೆತ್ತು.

ಹೋಟ್ಲಿನ ವಿಷ್ಯ. ಹೊಗಳಿರೋದು ಓದ್ಬ್ಯಾಡ, ಬೈದಿರೋದು ಓದು.
ಸಂಬಂಧ ಮಾಡುವಾಗ ಎದುರುಮನೆಯೋರ್ನ ಕೇಳಲ್ವ, ಹಂಗೆ.
ಲಿಫ್ಟಿಲ್ಲ ಅಂದಿದ್ರೆ ಮಂಡಿ ನೋಡ್ಕೊ,
ಈ ಮಂಡಿ ಅಲ್ಲ, ನಿನ್ನ ಮಂಡಿ.
ಹತ್ತು ನಿಮಿಷದ ನಡಿಗೆ ಅಂತ ಹಾಕಿರ್ತಾರೆ,
ಯಾರ ಕಾಲಲ್ಲಿ ಅಂತ ಹಾಕಿರಲ್ಲ.
ಕಿಟಕಿ ಅದೆಯಾ ಕೇಳು. ನಾಚ್ಕೊಳ್ದೆ ಕೇಳು.
ಅಗ್ಗ ಅಂತ ಹೋಗಿ ಮೂರು ರಾತ್ರಿ ನಾವು
ಬೆಳಗಾಯ್ತೋ ಇಲ್ವೋ ಅಂತ ಮೊಬೈಲ್ ನೋಡ್ಕೊಂಡು ಎದ್ದೊ.

ದುಡ್ಡು ಮೂರು ಕಡೆ ಇರ್ಲಿ:
ಪರ್ಸಲ್ಲಿ, ಚೀಲದ ತಳದಲ್ಲಿ,
ಮೂರನೇದು ನಿಂಗೇ ಗೊತ್ತು.
ಐದು ಲಕ್ಷದ ನೋಟು ಕೈಗೆ ಬಂದ್ರೆ ಹಿಗ್ಬ್ಯಾಡ,
ನಮ್ಮ ಎರಡು ಸಾವಿರಕ್ಕೂ ಕಮ್ಮಿ ಅದು.
ಚೀಟಿ ಎತ್ತಿ ಹೋಯ್ತಿರೋದು ಬೀದಿಗೆಲ್ಲ ಸಾರ್ಬ್ಯಾಡ.
ಕೇಳ್ದೋರ್ಗೆ ಧರ್ಮಸ್ಥಳ ಅನ್ನು,
ಪ್ರಸಾದ ಕೇಳಿದ್ರೆ ನನ್ನತ್ರ ಅದೆ.

ಕೊನೇ ದಿನ ಏನೂ ಬುಕ್ ಮಾಡ್ಬ್ಯಾಡ.
ಯಾಕೆ ಅಂದ್ರೆ... ಅಲ್ಲಿ ಕೆರೆ ದಂಡೇಲಿ
ಒಬ್ಬಳು ಕಬ್ಬಿನ ಹಾಲು ಮಾರ್ತಾಳೆ,
ಗೋಲಿಯಷ್ಟು ಹುಳಿಹಣ್ಣು ಸಿಪ್ಪೆ ಸಮೇತ ಗಾಣಕ್ಕೆ ಕೊಟ್ಟು.
ನಾನು ಗಿಣ್ಣು ಮುಟ್ಟಿ ನೋಡ್ದೆ.
ಕಡಿದು ಎರಡು ದಿನ ಆಗದೆ ಕಣವ್ವ ಅಂದೆ,
ಕನ್ನಡದಲ್ಲೇ, ಎರಡು ಬೆರಳು ತೋರ್ಸಿ.
ಎರಡು ಲೋಟ ಕೊಟ್ಲು.
ಎರಡೂ ಕುಡ್ದೆ. ಅವಳ ಪಕ್ಕದ ಪುಟ್ಟ ಸ್ಟೂಲಲ್ಲಿ
ಸಂಜೆ ತನಕ ಕೂತೆ, ಸಿಪ್ಪೆ ಗುಡ್ಡೆ ನೋಡ್ಕೊಂಡು.
ಕಾಸಿಲ್ಲ ಅದಕ್ಕೆ. ಮಿಕ್ಕ ಜಾಗದ ಫೋಟೋ ಅವೆ, ಇದರದಿಲ್ಲ.

ಈಗ ಇಡು ಮತ್ತೆ. ಏಳೂವರೆ.
ಆ ಮೈಸೂರ್ ಸಿಲ್ಕ್ ತೆಗಿ, ಇಲ್ಲಾ ಉಟ್ಕೊಂಡೇ ಹೋಗು,
ಮೈಮೇಲಿರೋದ್ನ ಅವ್ರು ತೂಗಲ್ಲ.
ತಡಿ, ಸಾವ್ಕಾರ್ರ ಸ್ಕೂಟ್ರು ಸದ್ದು.
ಇಳಿಸು ಚೀಲ, ಬೇಗ. ಬೆಲ್ಲ ಕೊಳ್ಳಕ್ ಬಂದೋಳಂಗೆ ನಿಂತ್ಕೊ.