ಕರಿ ಎರಡಕ್ಕೂ ಬಿಳಿ ಮೂರಕ್ಕೂ ನಡುವ

ತಂಗೆವ್ವ ಜಿಡ್ಡಿಮನಿಯ ಸಾ
ನನ್ನ ಪೇಟಿಯೊಳಗ ಇಲ್ಲ.
ಕರಿ ಎರಡು ಒತ್ತಿದರ ಅಕಿ ಮ್ಯಾಲ,
ಬಿಳಿ ಮೂರು ಒತ್ತಿದರ ಅಕಿ ಕೆಳಗ.
ಬೆರಳು ಹೋಗದ ಆ ಸಂದಿಯೊಳಗ
ಎಲಿ ಅಡಿಕಿ ಹಾಕ್ಕೊಂಡು
ಆರಾಮ ಕುಂತಿರ್ತಾಳ.

ಬನಹಟ್ಟಿಯೊಳಗ ಮೂವತ್ತು ವರ್ಷ ಕಂಡಿಕಿ ಸುತ್ತಿದಾಕಿ.
ಹದಿನಾರು ಮಗ್ಗದ ಶೆಡ್ಡಿನಾಗ
ಪಕ್ಕದಾಕಿಗೆ ನೀರು ಕೇಳಬೇಕಂದ್ರೂ ಚೀರಬೇಕು;
ಹಾಡೂ ಅಷ್ಟ.
ಮಾಲಕರ ಮೊಮ್ಮಗಳ ತೊಟ್ಟಿಲದ ದಿನ
"ನೀನೂ ಒಂದ ಅನ್ನವಾ" ಅಂದರು ಹೆಣ್ಣಮಕ್ಕಳು.
ಅಕಿ ಬಾಯಿ ತೆರದಳು, ಕರೆಂಟ ಹೋತು.
ಮಗ್ಗ ಎಲ್ಲಾ ಒಮ್ಮಿಗೇ ಬಾಯಿ ಮುಚ್ಚಿದವು.
ತಂಗೆವ್ವ ಮುಚ್ಚಲಿಲ್ಲ.
ತೊಟ್ಟಿಲದಾಗಿನ ಕೂಸು ಕಿಟಾರನೆ ಕಿರಚಿತು,
ತಗಡಿನ ಮ್ಯಾಲಿನ ಪಾರಿವಾಳ ಹಾರಿದವು.
ಯಾವನೋ ಹುಡುಗ ಮೊಬೈಲ್ ಹಿಡಿದಿದ್ದ.

ಆಮ್ಯಾಲ
ಜಮಖಂಡಿಯಿಂದ ಗಾಡಿ ಬಂತು, ಮುಧೋಳದಿಂದ ಬಂತು.
ತೇರದಾಳದ ಗ್ಯಾರೇಜ್ ಹುಡುಗರು
ಅಂಗಿ ಮ್ಯಾಲ ಅಕಿ ಮಾರಿ ಅಚ್ಚ ಹಾಕಿಸಿದರು,
ಮೂಗಬಟ್ಟು ಕಿಸೆದಷ್ಟು ದೊಡ್ಡದು.
ಅಕಿ ಕೈ ಎತ್ತಿದ ಕೂಡಲೆ
ಸಾವಿರ ಮಂದಿ ಉಸಿರು ಹಿಡೀತಿದ್ದರು:
ಈಗ ತಪ್ಪತಾಳ, ಈಗ ತಪ್ಪತಾಳ,
ತಪ್ಪಿದಳು!
ಸೀಟಿ. ಟಾವೆಲ್ಲು ಆಕಾಶಕ್ಕ.
ಆ ತಪ್ಪು ಅವರಿಗೆಲ್ಲಾ ಬಾಯಿಪಾಠ;
ಮನಿಗೆ ಹೋಗುಮುಂದ
ಒಂದ ಚೂರೂ ಸರಿಮಾಡದ ಹಾಡತಿದ್ದರು.

ನಾನು ಧಾರವಾಡದಾಗ ಒಂಬತ್ತು ವರ್ಷ
ಗುರುಗಳ ಧೋತರ ಒಗದು ಭೂಪ ಕಲಿತಾಂವ.
ವಿಡಿಯೋದಾಗ ನನ್ನ ಎಡಗೈ ಅಷ್ಟ ಕಾಣತೈತಿ,
ತಿದಿ ಒತ್ತತಿರತೈತಿ.
ಬಂದ ರೊಕ್ಕದಾಗ ಅರ್ಧ ಕೊಡತಿದ್ದಳು.
ತಗೋತಿದ್ದೆ.

ಮಹಾಲಿಂಗಪುರ ದಾಟುಮುಂದ, ನಡುರಾತ್ರಿ,
ಬೆಲ್ಲದ ವಾಸನಿ ಗಾಡಿಯೊಳಗ ಬಂತು.
"ಮಾಸ್ತರ, ಅವರು ನಗತಾರಲ್ಲಾ?"
ನಾ ಕಿಟಕಿ ಏರಿಸಿದೆ.
"ಸಂತೋಷಕ್ಕ ನಗತಾರಬೇ."
"ಹಂಗಾರ ಅಡ್ಡಿಯಿಲ್ಲ.
ಮಗ್ಗದಾಗ ಯಾರೂ ನಗತಿರಲಿಲ್ಲ."

ಹೆಸರು ಉಣ್ಣಾಕ ಬರೂದಿಲ್ಲಂತ
ಇನ್ನೂ ಕಂಡಿಕಿ ಸುತ್ತತಾಳ.
ನನ್ನ ಪಾಲಿನ ರೊಕ್ಕಕ್ಕಂತ ಒಂದ ರಾತ್ರಿ ಶೆಡ್ಡಿಗೆ ಹೋದೆ.
ಹದಿನಾರೂ ಮಗ್ಗ ಓಡತಿದ್ದವು.
ಅದರ ಗುಂಯ್ ನೆಲದಿಂದ ಹಿಂಬಡಕ್ಕ,
ಹಿಂಬಡದಿಂದ ಹಲ್ಲಿಗೆ ಏರತಿತ್ತು.
ಅದರ ಮ್ಯಾಲ ತಂಗೆವ್ವ ಹಾಡತಿದ್ದಳು.
ಕೂದಲೆಳಿಯಷ್ಟು ಆಚೀಚಿ ಇರಲಿಲ್ಲ.
ಬಾಗಿಲದಾಗ ನಿಂತೆ. ರೊಕ್ಕ ಕೇಳೂದು ಮರತೆ.

ಪೇಟಿ ಬಿಚ್ಚಿದೆ. ಗುರುಗಳು ಕೊಟ್ಟದ್ದು.
ಹಿತ್ತಾಳಿ ನಾಲಗಿಯ ಬುಡ ಕೆರದರ ಸ್ವರ ಇಳೀತೈತಿ,
ತುದಿ ಕೆರದರ ಏರತೈತಿ.
ಮೂರು ರಾತ್ರಿ, ಮೂವತ್ತೇಳು ನಾಲಗಿ, ಒಂದ ಸಣ್ಣ ಕಾನಸು.
ಇಲಿ ಬಂದಾವಂತ ಹೆಂಡತಿ ಎದ್ದು ಕುಂತಳು.
ಊರ ಭಜನಿಯವರು ಈಗ
ಆ ಪೇಟಿ ಮುಟ್ಟೂದಿಲ್ಲ.

ಸಾವಳಗಿಯ ಲಗ್ನದಾಗ ಮೊದಲ ಸಲ ನುಡಿಸಿದೆ.
ತಂಗೆವ್ವ ಕೈ ಎತ್ತಿದಳು,
ಪೇಟಿ ಅಕಿ ಕೂಡ ಏರಿತು,
ಇಬ್ಬರೂ ಮ್ಯಾಲ ಹೋಗಿ ನಿಂತಿವಿ.
ಸೀಟಿ ಬರಲಿಲ್ಲ.
ಹುಡುಗರು ಒಬ್ಬರ ಮಾರಿ ಒಬ್ಬರು ನೋಡಿದರು,
ಟಾವೆಲ್ಲು ಹೆಗಲ ಮ್ಯಾಲ ಉಳಿದವು.
ಅಕಿ ಹಾಡು ನಿಲ್ಲಿಸಿ, ನನ್ನ ಕಡೆ ಬಗ್ಗಿ,
ಮೈಕಿಗೂ ಕೇಳುವಂಗ ಅಂದಳು:
"ಮಾಸ್ತರ, ಇವತ್ತ ಪೇಟಿ ಯಾಕೋ ಕೆಟ್ಟೈತಿ ನೋಡ್ರಿ."

ಆ ವಿಡಿಯೋದಾಗ
ನನ್ನ ಮಾರಿ ಕಾಣತೈತಿ.