ಬೈತಖೋಲದ ತಕ್ಕಡಿ

ಬನವಾಸಿಯ ಗದ್ದೆಯಂಚಿನಲ್ಲಿ ತೂಗಿದಾಗ
ಸರಿಯಾಗಿ ಎರಡು ಕೇಜಿ ಇದ್ದ ಉಣ್ಣೆ
ಬೈತಖೋಲಕ್ಕೆ ಬಂದು ಮೂರು ದಿನಕ್ಕೆ ಎರಡೂಕಾಲು.
ನಮ್ಮದು ಮೀನಿನ ತಕ್ಕಡಿ.
ತಟ್ಟೆ ತಿಕ್ಕಿ ತೊಳೆದೆ, ಪಕ್ಕದ ಮನೆಯದನ್ನು ತಂದೆ.
ಅದೂ ಅದೇ ಮಾತು.

ಫೋನಿನಲ್ಲಿ ಮಾಯವ್ವ ನಕ್ಕಳು:
‘ಗಾಳಿ ಕುಡದೈತಿ ತಂಗೀ.
ಕುರಿ ಮೈ ಬಿಟ್ಟ ಮ್ಯಾಲೂ ಉಣ್ಣಿ
ಕುಡಿಯೂದು ಬಿಡಂಗಿಲ್ಲ.
ಹೆಚ್ಚಿಗಿ ರೊಕ್ಕ ಬ್ಯಾಡ.
ಆ ಪಾವ್ ಕೇಜಿ ನಂದಲ್ಲ, ನಿಮ್ಮ ಸಮುದ್ರದ್ದು.’

ಕೊಯ್ಲಾದ ಗದ್ದೆಗೆ ಕುರಿ ತರುಬಲು
ಹಾನಗಲ್ ಕಡೆಯಿಂದ ಬಂದವಳು.
ನಡೆಯುತ್ತಲೇ ನೂಲುತ್ತಿದ್ದಳು;
ಕದಿರು ಅವಳ ಮೊಣಕಾಲ ಪಕ್ಕ
ತಾಯಿ ಬಿಡದ ಮರಿಯ ಹಾಗೆ ತಿರುಗುತ್ತ ಬರುತ್ತಿತ್ತು.
ಜಾತಿ ಯಾವುದು ಎಂದು ಕೇಳಿದೆ.
ನಂದೋ ಕುರೀದೋ ಎಂದಳು.
ಡೆಕ್ಕನಿ ಎಂಬ ಹೆಸರನ್ನು ನಾನು ಓದಿದ್ದೆ,
ಅವಳು ಕೇಳಿರಲಿಲ್ಲ.
ಅವಳಿಗೆ ಗೊತ್ತಿದ್ದದ್ದು: ಈ ಕಪ್ಪು ಮೊದಲ ಕತ್ತರಿಯದು,
ಈ ಕಂದು ಬೇಲಿ ಹಾರಿ ಕಾಲು ಮುರಿದುಕೊಂಡವಳದು,
ಈ ಬೂದು ಮುದಿ ಟಗರಿನದು, ಕೈಗೆ ಚುಚ್ಚೀತು.

ನನ್ನ ಟ್ರಂಕಿನಲ್ಲಿ ಬೇರೆಯವೂ ಇವೆ.
ಧಾರವಾಡದ ಅಂಗಡಿಯ ಮೆರಿನೊ,
ಬೆರಳ ನಡುವೆ ಇದೆಯೋ ಇಲ್ಲವೋ ಎಂಬಷ್ಟು ಮೆತ್ತಗೆ.
ಮುಂಡಗೋಡ ಕ್ಯಾಂಪಿನ ಡೋಲ್ಕರ್ ಕೊಟ್ಟ
ಜಮಖಾನೆಯ ಉಳಿಕೆ ನೂಲು, ಗಟ್ಟಿ, ಕೆಂಪು.
ಒಂದು ಪೊಟ್ಟಣ ಅಂಗೋರಾ ಮೊಲದ ಕೂದಲು;
ಬಿಚ್ಚಿದಾಗ ಒಮ್ಮೆ ಸೀನಿದೆ,
ಈಗ ಅರ್ಧ ಪೊಟ್ಟಣ.

ಪುರ್ಸು ಮಾಂವನಿಗೆ ಕಿವಿನೋವು.
ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿಗೆ
ದೋಣಿಯಲ್ಲಿ ತಲೆ ಮುಚ್ಚಲು ಟವೆಲ್ಲು ಸಾಲದು.
ಮೆರಿನೊದ ಟೊಪ್ಪಿ ಹೆಣೆದುಕೊಟ್ಟೆ.
ಮೂರು ಸಲ ಸಮುದ್ರಕ್ಕೆ ಹೋಗಿ ಬಂದು
ಬಿಸಿನೀರಲ್ಲಿ ಒಂದು ಸಲ ಕುಸುಬಿಸಿಕೊಂಡು
ಅದು ತೆಂಗಿನ ಚಿಪ್ಪಿನಷ್ಟಾಯಿತು.

ಎರಡನೆಯದಕ್ಕೆ ಮಾಯವ್ವನ ಕಪ್ಪು.
ಜಿಡ್ಡು ತೊಳೀಬ್ಯಾಡ ಎಂದಿದ್ದಳು, ತೊಳೆಯಲಿಲ್ಲ.
ನಾನು ಹೆಣೆಯುವುದನ್ನು ಮಾಂವ
ಬಲೆಯ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ನೋಡಿದ.
‘ಇದರಲ್ಲಿ ಗಂಟೇ ಇಲ್ಲವಲ್ಲೇ!
ನನ್ನ ಬಲೆಯ ಹತ್ತು ಕಣ್ಣು ತೊರಕೆ ಹರಿದರೂ
ಹನ್ನೊಂದನೆಯದು ನಿಲ್ಲುತ್ತದೆ.
ನಿನ್ನದು ಒಂದು ಕುಣಿಕೆ ಜಾರಿದರೆ
ಬುಡದವರೆಗೆ ಹೋಯಿತು.’
ಅದಕ್ಕೇ ಹಿಗ್ಗುತ್ತದೆ ಮಾಂವ, ಎಂದೆ.
ಗಂಟು ಹಾಕಿದ್ದು ಹಿಡಿಯುತ್ತದೆ,
ಹಾಕದ್ದು ತಲೆಗೆ ಹೊಂದುತ್ತದೆ.
ಅವನು ಒಪ್ಪಲಿಲ್ಲ.
ಟೊಪ್ಪಿ ಮುಗಿದಾಗ ನೆತ್ತಿಯಲ್ಲಿ ಉಳಿದ ತುದಿಗೆ
ತನ್ನದೊಂದು ಬಲೆಗಂಟು ಬಿಗಿದ.

ಈಗ ನೀರು ಅದರ ಮೇಲೆ ಹನಿಯಾಗಿ ಕೂರುತ್ತದೆ,
ಒಳಗೆ ಬರಲು ಅಪ್ಪಣೆ ಕೇಳುವ ಹಾಗೆ.
ಜೊತೆಯವರು ಎರಡು ವಾರ ಆಡಿಕೊಂಡರು:
ದೋಣಿಗೆ ಕುರಿ ಹತ್ತಿದೆ, ಇವತ್ತು ಬಂಗುಡೆ ಸಿಕ್ಕಂತೆಯೇ!
ಕಚ್ಚುತ್ತದಾ ಎಂದು ಕೇಳಿದೆ.
‘ಕಚ್ಚಲಿ. ನಿದ್ದೆ ಬರುವುದಿಲ್ಲ.’
ಕಿವಿನೋವಿನ ಸುದ್ದಿ ಅವನೂ ತೆಗೆಯಲಿಲ್ಲ,
ನಾನೂ ಕೇಳಲಿಲ್ಲ.

ಉಳಿದ ಕಪ್ಪಿನಲ್ಲಿ ಮಾಯವ್ವನಿಗೊಂದು ಮಫ್ಲರ್.
ಸಮುದ್ರ ನೋಡಿಲ್ಲ ಅವಳು;
ಇಳಿದರೆ ಕುರಿಗಳಿಗೆ ಕಾಲು ಕೊಳೆಯುತ್ತದೆಂದು
ಘಟ್ಟದ ಮೇಲೆಯೇ ತಿರುಗಿ ಹೋಗುತ್ತಾಳೆ.
ಕಾರವಾರದ ಪೋಸ್ಟಾಫೀಸಿನವನು ಪೊಟ್ಟಣ ತೂಗಿ
ಗಾಳಿಗೂ ಸೇರಿಸಿಯೇ ದುಡ್ಡು ತೆಗೆದುಕೊಂಡ.

ಆರು ದಿನಕ್ಕೆ ಫೋನು.
‘ಬಂತು ತಂಗೀ.
ಭಾಳ ಹಗುರೈತಿ,
ಹಾದಿಯಾಗ ಎಲ್ಲ ಒಣಗೇತಿ.
ಆದ್ರ ಹಾಕ್ಕೊಂಡು ಹಟ್ಟಿಗಿ ಹ್ವಾದ್ರ
ಮೀನದ ವಾಸನಿಗೆ
ಒಂದು ಕುರೀನೂ ಹತ್ರ ಬರವಲ್ದು.’